ಆಲಿಕಲ್ಲಿನ ಅಚ್ಚು

ಏಪ್ರಿಲ್ ೯
ಆಲಿಕಲ್ಲು ಬಿದ್ದರೆ ನನಗೆ ಖುಷಿ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಕಾರುಗಳ ನೆಗ್ಗು ಎತ್ತುವುದು ಅಪ್ಪನ ಕೆಲಸ, ಸ್ಕೂಲ್ ಬಿಟ್ಟ ಮೇಲೆ ನನ್ನದೂ. ಗಿರಾಕಿ ಬರುತ್ತಾರೆಂದು ಖುಷಿಯಲ್ಲ — ಒಂದೊಂದು ನೆಗ್ಗು ಒಂದೊಂದು ಥರ, ಅದಕ್ಕೆ. ಇವತ್ತು ಬಿದ್ದದ್ದು ನಿಂಬೆಹಣ್ಣಿನ ಗಾತ್ರ. ನಮ್ಮ ವ್ಯಾನಿನ ಟಾಪ್ ತುಂಬ ನೆಗ್ಗು. ಎಣ್ಣೆ ಸವರಿ, ಪೇಂಟಿಗೆ ಮೊದಲು ಮೆತ್ತುವ ಪುಟ್ಟಿ ತುಂಬಿ, ಒಣಗಿದ ಮೇಲೆ ಬಿಡಿಸಿದೆ. ಒಳ್ಳೇ ಅಚ್ಚುಗಳು!
"ಪುಟ್ಟಿ ಏನು ನಿನ್ ಮಾವ ತಂದ್ಕೊಡ್ತಾನಾ?" — ಅಪ್ಪ.

ಏಪ್ರಿಲ್ ೧೦
ನಿನ್ನೆ ಅದೇ ಬಿರುಗಾಳಿಯಲ್ಲಿ ಊರಾಚೆ ವಿಮಾನ ಬಿದ್ದಿದೆ. ಪ್ರಯಾಣಿಕರು ಹೆಚ್ಚಿನವರು ಉಳಿದಿಲ್ಲ. ಪೈಲಟ್ ಕೂಡ. ಖುಷಿ ಎಂದು ಬರೆದದ್ದನ್ನು ಹೊಡೆದುಹಾಕಲು ಹೋದೆ... ಬೇಡ. ಆಗ ಆದದ್ದು ಖುಷಿಯೇ.
ಆಲಿಕಲ್ಲು ನುಗ್ಗಿ ಇಂಜಿನ್ ನಿಂತಿತು ಎನ್ನುತ್ತಿದ್ದಾರೆ. ಐಸಿಗೆ ಇಂಜಿನ್ ಹೇಗೆ ನಿಲ್ಲುತ್ತದೆ? ಒಳಗೆ ಬೆಂಕಿಯಲ್ಲವೇ, ಕರಗಬೇಡವೇ? ಅಪ್ಪನನ್ನು ಕೇಳಿದೆ.
"ಮೊದ್ಲು ಆ ಬಾಗ್ಲು ನೆಟ್ಟಗೆ ಹಿಡ್ಕೋ."

ಏಪ್ರಿಲ್ ೧೭
ಟಿವಿಯಲ್ಲಿ ಹೇಳುತ್ತಿದ್ದಾರೆ — ಇಂಜಿನ್ ನಿಲ್ಲಿಸುವಂಥ ದೊಡ್ಡ ಆಲಿಕಲ್ಲೇ ಬಿದ್ದಿಲ್ಲ, ತಪ್ಪು ಪೈಲಟ್‌ನದೇ. ವಿಮಾನದ ತನಿಖೆ ಮಾಡುತ್ತಿರುವ ಆಫೀಸರ್ ಮೇಡಂ ಒಬ್ಬರು ಫೋನ್ ಮಾಡಿದ್ದರು. ಏಟು ತಿಂದ ಗಾಡಿ ಬೇಕಂತೆ, ಕಲ್ಲಿನ ಗಾತ್ರ ಅಳೆಯಲು. ಗಿರಾಕಿಗಳ ಗಾಡಿಗಳೆಲ್ಲ ರಿಪೇರಿಯಾಗಿ ಹೋಗಿವೆ. ನಮ್ಮ ವ್ಯಾನ್ ಇದೆ ಎಂದೆ. ನಾಳೆ ಬರುತ್ತಾರೆ. ಅಪ್ಪನಿಗೆ ಹೇಳಿದೆ, ಸುತ್ತಿಗೆ ಸದ್ದಿನಲ್ಲಿ ಅರ್ಧ ಕೇಳಿಸಿಕೊಂಡ.

ಏಪ್ರಿಲ್ ೧೮
ಎದ್ದು ನೋಡಿದರೆ ವ್ಯಾನ್ ಫಳಫಳ. ಒಂದು ನೆಗ್ಗೂ ಇಲ್ಲ!
"ಅಪ್ಪಾ, ಏನ್ಮಾಡ್ದೆ?"
"ಆಫೀಸರ್ ಗಾಡಿ ನೋಡೋಕ್ ಬರ್ತಾರೆ ಅಂದ್ಯಲ್ಲೋ. ನೆಗ್ಗು ತೆಗೆಯೋನ ಗಾಡೀಲೇ ನೆಗ್ಗಿದ್ರೆ ನನ್ ಮರ್ಯಾದೆ ಏನಾಗ್ಬೇಕು?"
ವಿಷಯ ಕೇಳಿ ಮೇಡಂ ತಲೆ ಹಿಡಿದು ಕೂತರು. ಅಚ್ಚುಗಳನ್ನು ತಂದು ಮುಂದಿಟ್ಟೆ. ಒಂದೊಂದನ್ನೇ ತಿರುಗಿಸಿ, ಅಳೆದು ನೋಡಿದರು.
"ಇದನ್ನೆಲ್ಲ ಯಾಕೆ ತೆಗ್ದೆ?"
"ಸುಮ್ನೆ."
"ಸುಮ್ನೆ ಅಂತಾನೇ ಬರ್ಕೊಳ್ಲಾ?"
"ಬರ್ಕೊಳ್ಳಿ. ನಿಜ ಅದೇ."
ಇಂಜಿನ್ ವಿಷಯ ಕೇಳಿದೆ. "ಒಂದೇ ಸಲ ರಾಶಿ ಐಸ್ ನುಂಗಿದ್ರೆ ಬೆಂಕೀನೂ ಆರುತ್ತೆ. ಹೇಳಿಕೆ ಕೊಡೋಕೆ ಬಾ, ಬಿಚ್ಚಿಟ್ಟಿರೋ ಇಂಜಿನ್ ತೋರಿಸ್ತೀನಿ."

ಏಪ್ರಿಲ್ ೨೧
ನಾಳೆ ನನ್ನ ಹೇಳಿಕೆ. ಅಪ್ಪನಿಗೆ ಊಟ ಸೇರಲಿಲ್ಲ.
"ರಿಪೇರಿ ಮಾಡಿದ್ದು ನಾನು ಅಂತ ಹೇಳ್ತೀಯಾ? ಸಾಕ್ಷಿ ಅಳಿಸ್ದೆ ಅಂತ ಒಳಗ್ ಹಾಕಿದ್ರೆ?"
"ಕೇಳಿದ್ರೆ ಹೇಳ್ತೀನಪ್ಪಾ. ಅದನ್ನೇ ಮುಚ್ಚಿಟ್ರೆ ಅಚ್ಚನ್ನ ಯಾರು ನಂಬ್ತಾರೆ? ಆ ಪೈಲಟ್ ಎದ್ದು ಬಂದು ಹೇಳ್ತಾನಾ?"
ಅಪ್ಪ ತಟ್ಟೆ ಎತ್ತಿಕೊಂಡು ಎದ್ದ. ಆಮೇಲೆ —
"ಕೆಲಸ ನೀಟಾಗಿತ್ತು ಅಂತಾನೂ ಹೇಳು."
ಬಸ್ಸು ಬೆಳಿಗ್ಗೆಯೇ. ನಾಳೆ ಹೊರಡುತ್ತೇನೆ.