ಗೋಡೆಗೆ ಮುಖ ಮಾಡಿ ನಿಂತವರು

ಹೊಸ ಬಡಾವಣೆಯ ನಕ್ಷೆಗೆ ಸಹಿ ಹಾಕಿದ ಮಾನ್ಯರೇ,

ನಮ್ಮ ಮನೆಗಳಿಗೆ ಹಿತ್ತಿಲ ಓಣಿ ಕೊಡಲು ಮರೆತಿದ್ದೀರಿ. ಮರೆತಿರಿ ಎನ್ನುವುದು ನನ್ನ ಸೌಜನ್ಯ. ಓಣಿ ಬಿಟ್ಟರೆ ಒಂದು ಸಾಲು ನಿವೇಶನ ಕಡಿಮೆಯಾಗುತ್ತದೆಂದು ನಿಮ್ಮ ಕಚೇರಿಯಲ್ಲೇ ನಮ್ಮ ಯಜಮಾನರಿಗೆ ಹೇಳಿ ಕಳಿಸಿದರು. ಟ್ರಾಮ್ ಬಂತು, ಗ್ಯಾಸ್ ದೀಪ ಬಂತು, ಬ್ಯಾಂಡಿನವರಿಗೊಂದು ಮಂಟಪವೂ ಬಂತು. ಪಾಯಖಾನೆ ಮಾತ್ರ ಹಿತ್ತಿಲ ಮೂಲೆಯಲ್ಲಿದೆ, ಅಲ್ಲಿಗೆ ದಾರಿ ನಮ್ಮ ನಡುಮನೆಯೊಳಗಿಂದ. ಮಲದ ಬಕೆಟ್ ಹೊತ್ತ ಹೆಂಗಸು ದಿನಾ ಬೆಳಗ್ಗೆ ನಮ್ಮ ತಿಂಡಿಯ ಮೇಜಿನ ಪಕ್ಕದಲ್ಲೇ ಹಾದುಹೋಗಬೇಕು. ನಕ್ಷೆ ಬರೆದವರ ಮನೆಯಲ್ಲಿ ಯಾರೂ ಹಿತ್ತಿಲಿಗೆ ಹೋಗುವುದಿಲ್ಲವೇ?

ನಾವೋ ಮರ್ಯಾದಸ್ಥರು, ಅದಕ್ಕೊಂದು ಉಪಾಯ ಕಂಡುಕೊಂಡೆವು. ಆಕೆ ಬಾಗಿಲಲ್ಲಿ ನಿಂತು "ಬರ್ತಾ ಇದೀನಮ್ಮಾ!" ಎಂದು ಕೂಗುತ್ತಾಳೆ. ಅತ್ತೆ, ಯಜಮಾನರು, ಮಕ್ಕಳು, ನಾನು, ಎಲ್ಲರೂ ಮೂಗು ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ನಿಲ್ಲುತ್ತೇವೆ. ಇಡೀ ಬೀದಿಯಲ್ಲಿ ಇದೇ ಪದ್ಧತಿ. ಆಕೆ ಹೋದ ಮೇಲೆ ಮತ್ತೆ ತಿಂಡಿಗೆ ಕೂರುತ್ತೇವೆ.

ಕಳೆದ ಸೋಮವಾರ ಒರೆಸಿದ ನೆಲ ಇನ್ನೂ ಹಸಿಯಿತ್ತು. ಬೆನ್ನ ಹಿಂದೆ ದೊಪ್ಪನೆ ಸದ್ದಾಯಿತು, ಬಕೆಟ್ ಉರುಳಿತು, ಆಕೆ ನರಳಿದಳು. ನಾನು ತಿರುಗಬೇಕಿತ್ತು. ಅಷ್ಟರಲ್ಲಿ ಆಕೆಯೇ, "ತಿರುಗ್ಬೇಡಿ ಅಮ್ಮಾ, ಒರೆಸಿಬಿಡ್ತೀನಿ" ಎಂದಳು.

"ನೀರು ಜಾಸ್ತಿ ಹಾಕೇ" ಎಂದರು ಅತ್ತೆ, ಗೋಡೆ ನೋಡುತ್ತಲೇ.

ನಾವೆಲ್ಲ ಸುಣ್ಣದ ಗೋಡೆ ನೋಡುತ್ತ ನಿಂತೆವು, ಆಕೆ ನೆಲ ತೊಳೆದಳು. ಕೈ ಮುರಿದಿತ್ತೆಂದು ಮರುದಿನ ಪಕ್ಕದ ಮನೆಯವರಿಂದ ತಿಳಿಯಿತು.

ಆಕೆ ಪಟ್ಟಿ ಕಟ್ಟಿಕೊಂಡು ಒಂದೇ ಕೈಯಲ್ಲಿ ಕೆಲಸಕ್ಕೆ ಬಂದಾಗ ನಾನು ಗೋಡೆಗೆ ತಿರುಗಲಿಲ್ಲ. ಎದುರು ನಿಂತು, "ನೋವು ಹೇಗಿದೆ?" ಎಂದೆ. ಆಕೆ ಕುಗ್ಗಿಹೋದಳು.

"ದಮ್ಮಯ್ಯ, ಆ ಕಡೆ ತಿರುಗಿ ಅಮ್ಮಾ. ಇದನ್ನ ಹೊತ್ಕೊಂಡಿರೋವಾಗ ನನ್ನ ಮುಖ ನೋಡ್ಬೇಡಿ."

ತಿರುಗಿದೆ. ಬೇರೇನು ಮಾಡಬಹುದಿತ್ತು, ನೀವೇ ಹೇಳಿ.

ಪತ್ರ ಶುರು ಮಾಡಿದಾಗ ಓಣಿ ಕೇಳಬೇಕೆಂದಿದ್ದೆ. ಬರೆಯುತ್ತ ಬರೆಯುತ್ತ ಮನಸ್ಸು ಬದಲಾಯಿತು. ಓಣಿ ಬಂದರೆ ಆಕೆ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಬಕೆಟ್ ತಲೆಯ ಮೇಲೇ ಇರುತ್ತದೆ. ಆದ್ದರಿಂದ ಓಣಿ ಬೇಡ. ನಿಮ್ಮ ಬಂಗಲೆಯ ಬೀದಿಯಲ್ಲಿ ಹಾಕಿಸಿದ್ದೀರಲ್ಲ, ಅಂಥದ್ದೇ ಒಳಚರಂಡಿ ಕೊಳವೆಯನ್ನು ನಮ್ಮ ನೆಲದಡಿಯಲ್ಲೂ ಹಾಕಿಸಿ. ಆಕೆಗೆ ತಲೆಯೆತ್ತಿ ಮಾಡುವ ಕೆಲಸವೊಂದನ್ನು ಕೊಡಿ. ಆಗುವುದಿಲ್ಲವೆಂದರೆ ಒಂದು ಬೆಳಗ್ಗೆ ನಮ್ಮ ಮನೆಗೆ ತಿಂಡಿಗೆ ದಯಮಾಡಿಸಿ. ಆಕೆ ಕೂಗಿದಾಗ ಯಾವ ಕಡೆ ತಿರುಗಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂತಿ,
ತಮ್ಮ ಮಾದರಿ ಬಡಾವಣೆಯಲ್ಲಿ ಸಭ್ಯಳೆನಿಸಿಕೊಂಡಿರುವ ಒಬ್ಬ ಗೃಹಿಣಿ