ಗುರುಶಾಂತವ್ವನ ಬಲಹೆಗಲು

ಬನವಾಸಿ
ತಾ. ೧೪-೧೧-೧೯೫೯

ಮಗಳು ನೀಲಗಂಗವ್ವಳಿಗೆ ಅಪ್ಪ ಮಡಿವಾಳಪ್ಪನ ಮನಸಾರೆ ಆಶೀರ್ವಾದ.

ನಾವೆಲ್ಲ ಅರಾಮ ಇದ್ದೇವೆ. ಯಲ್ಲಾಪುರದಲ್ಲಿ ನೀನೂ ಅಳಿಯಂದಿರೂ ಮಕ್ಕಳೂ ಹಾಗೇ ಇದ್ದೀರಿ ಎಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಬೈಯಬೇಡವ್ವಾ. ಸುಗ್ಗಿಯ ಹೊತ್ತು. ದಿನವೆಲ್ಲ ಕುಡಗೋಲು ಹಿಡಿದ ಕೈ ಸಂಜೆಗೆ ಲೆಕ್ಕಣಿಕೆ ಹಿಡಿ ಅಂದರೆ ಒಲ್ಲೆ ಅನ್ನುತ್ತದೆ. ನಾನೇನು ಸಾಲಿಗೆ ಹೋದವನೇ? ಮಠದಲ್ಲಿ ಪುರಾಣ ಓದುವವರ ಹಿಂದೆ ಕೂತು, ಅವರ ಬೆರಳು ಓಡಿದ ಕಡೆ ಕಣ್ಣು ಓಡಿಸಿ ಅಕ್ಷರ ಕಲಿತವ. ನನಗೆ ಒಂದು ಕಾಗದ ಬರೆಯುವುದೂ ಒಂದೇ, ಗದ್ದೆ ಉಳುವುದೂ ಒಂದೇ.

ನಿನ್ನ ತಮ್ಮ ಮಧುಕೇಶ್ವರನ ಹೆಂಡತಿ ಗುರುಶಾಂತವ್ವ ಬಾಣಂತನ ಮುಗಿಸಿ ತವರಿನಿಂದ ಬಂದಳು. ಕೂಸಿಗೆ ಶಾರದವ್ವ ಎಂದು ಹೆಸರಿಟ್ಟಿದ್ದಾರೆ. ಮೂಗು ನಿನ್ನವ್ವನದು. ಆದರೆ ಸೊಸೆಯ ಬಲಹೆಗಲು ಹಿಡಿದುಕೊಂಡಿದೆ. ಒನಕೆ ಎತ್ತಲಾರಳು. ನೆಲುವಿನ ಮೇಲಿನ ಮೊಸರ ಗಡಿಗೆ ಇಳಿಸಲು ಮಧುಕೇಶ್ವರನನ್ನು ಕರೆಯುತ್ತಾಳೆ. ಬಾಣಂತಿಯರಿಗೆ ನೀರೆರೆಯುವ ಮುರಿಗೆವ್ವ ಬಂದು, ರೊಟ್ಟಿ ಹಿಟ್ಟು ನಾದಿದ ಹಾಗೆ ನಾದಿ ಹೋದಳು. ಮರುದಿನ ನೋವು ಇಮ್ಮಡಿ. ನಾನು ಜಗಲಿಯಿಂದಲೇ, "ಮುರಿಗೆವ್ವಾ, ಸ್ವಲ್ಪ ಮೆಲ್ಲಗ" ಅಂದದ್ದಕ್ಕೆ, "ಊರಾಗಿನ ಅರ್ಧ ಮಂದಿನ್ನ ಎರೆದು ದೊಡ್ಡವರ ಮಾಡೇನಿ ಗೌಡಾ, ನೀ ನಿನ್ನ ಎತ್ತು ತಿಕ್ಕು ಹೋಗು" ಅಂದಳು.

ಅವಳು ಅಂದದ್ದೂ ಖರೆ. ನಾನು ಕಲಿತದ್ದು ಎತ್ತಿನ ಹೆಗಲ ಮೇಲೆಯೇ. ಅರಾಮ ಇದ್ದ ಎತ್ತಿನ ತೊಗಲು ಅಂಗೈ ಕೆಳಗೆ ಸರಿದಾಡುತ್ತದೆ. ನೊಗ ಎಳೆದು ದಣಿದ ಎತ್ತಿನದು ಒಳಗಿನ ಮಾಂಸಕ್ಕೆ ಅಂಟಿಕೊಂಡಿರುತ್ತದೆ, ಒದ್ದೆ ಅಂಗಿ ಮೈಗೆ ಅಂಟಿದ ಹಾಗೆ. ಒದ್ದೆ ಅಂಗಿಯನ್ನು ಜಗ್ಗಿದರೆ ಹರಿಯುತ್ತದೆ. ಮೆಲ್ಲಗೆ ಹಿಡಿದು ಕಾದರೆ ತಾನಾಗಿ ಬಿಡುತ್ತದೆ. ಮನುಷ್ಯರದೂ ಅಷ್ಟೇ. ಶಿರಸಿ ಪೇಟೆಯ ಹಮಾಲರು ಸೊಂಟ ಹಿಡಿದುಕೊಂಡು ನನ್ನ ಜಗಲಿಗೆ ಬರುವುದು, ನೆಟ್ಟಗೆ ನಡೆದು ಹೋಗುವುದು ನೀನು ಕಂಡದ್ದೇ.

ಆದರೆ ಸೊಸೆಯ ಮೈ ಮಾವ ಮುಟ್ಟುವುದುಂಟೇ? ಅವಳು ನನ್ನ ಎದುರಿಗೆ ತಲೆಯ ಮೇಲೆ ಸೆರಗು ಹೊದೆಯದೆ ನಿಂತವಳಲ್ಲ. ನಿನ್ನವ್ವ ಇದ್ದಿದ್ದರೆ ಅವಳಿಗೆ ಹೇಳಿ ಮಾಡಿಸುತ್ತಿದ್ದೆ.

ಕಡೆಗೆ ಒಂದು ಉಪಾಯ ಹೊಳೆಯಿತು. ಮಧುಕೇಶ್ವರನನ್ನು ಜಗಲಿಯ ಮೇಲೆ ಕೂಡಿಸಿ ಅಂಗಿ ಬಿಚ್ಚಿಸಿದೆ. ಅವನ ಹೆಗಲ ಮೇಲೆ ಅಂಗೈ ಇಟ್ಟು ಮೆಲ್ಲಗೆ ನೀವುತ್ತ, "ಇಷ್ಟು ಭಾರ. ಇಲ್ಲಿ ತಡಿ. ಈಗ ಒಳಗಿನದು ಸರೀತು, ಗೊತ್ತಾತಿಲ್ಲೋ?" ಅಂದೆ. ಅವನು ಅದನ್ನು ಮೈಯಲ್ಲಿ ಹೊತ್ತುಕೊಂಡು ಒಳಗೆ ಹೋಗಿ ಹೆಂಡತಿಯ ಹೆಗಲಿಗೆ ಹಾಗೇ ಮಾಡಬೇಕು. ಮೊದಲ ಸಲ ಹೋದವನು ಕೂಡಲೇ ಹೊರಗೆ ಬಂದ. ಒಳಗಿನಿಂದ ಸೊಸೆಯ ದನಿ: "ಇದು ನೀವೂದಲ್ಲರಿ, ನೊಣ ಹೊಡಿಯೂದು. ಮಾವಾರನ್ನ ಇನ್ನೊಮ್ಮೆ ಕೇಳಿ ಬರ್ರಿ." ಎರಡನೆಯ ಸಲ ಹೋಗಿ ಎಣ್ಣೆ ಸುರಿದ. ಎಣ್ಣೆ ಹೆಚ್ಚಾದರೆ ಕೈ ಮೇಲೇ ಜಾರುತ್ತದೆ, ಒಳಗಿನದು ಇದ್ದ ಹಾಗೇ ಇರುತ್ತದೆ ಎಂದು ಮತ್ತೆ ಕರೆದು ಕೂಡಿಸಿದೆ.

"ಅಪ್ಪಾ, ನನ್ನ ಬೆನ್ನು ಟಪಾಲಿನ ಚೀಲ ಆಗೇತಿ ನೋಡು. ನೀ ಹಾಕಿದ್ದು ಒಯ್ದು ಅಲ್ಲಿ ಮುಟ್ಟಸೂದ ನನ್ನ ಕೆಲಸ" ಅಂದ.

ಈಗ ದಿನವೂ ಊಟದ ಮುಂಚೆ ಇದೇ ನಡೆದಿದೆ. ಸೊಸೆಯ ಕೈ ಕಿವಿಯ ತನಕ ಏಳುತ್ತದೆ. ಮೊನ್ನೆ ಗಡಿಗೆಯನ್ನು ತಾನೇ ಇಳಿಸಿದಳು.

ಮಕ್ಕಳನ್ನು ಜೋಪಾನವಾಗಿ ನೋಡಿಕೋ. ಅಳಿಯಂದಿರಿಗೆ ಶರಣು ಹೇಳು. ನಿಮ್ಮ ಮನೆಯಲ್ಲಿ ಉಂಡು ಉಳಿಯುವಷ್ಟು ಇರಲಿ.

ನಿನ್ನ ಅಪ್ಪ
ಮಡಿವಾಳಪ್ಪ

ತಾ. ಕ.: ನಿನ್ನ ತಮ್ಮ ಬುದ್ಧಿ ಬಂದ ಮೇಲೆ ನನ್ನ ಹತ್ತಿರ ಮೈ ಮುಟ್ಟಿಸಿಕೊಂಡಿರಲಿಲ್ಲ. ಅವನ ಬೆನ್ನು ಇಷ್ಟು ಅಗಲವಾಗಿದ್ದು ನನಗೆ ತಿಳಿದೇ ಇರಲಿಲ್ಲ. ಈ ಮಾತು ಅವನಿಗೆ ಬರೆಯಬೇಡ, ನಗುತ್ತಾನೆ.


ಬನವಾಸಿ
ತಾ. ೨೦-೨-೧೯೬೧

ಮಗಳು ನೀಲಗಂಗವ್ವಳಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಇಷ್ಟು ದಿನ ಉತ್ತರ ಬರೆಯದೆ ಕೂತೆ. ಸಿಟ್ಟಿನಿಂದಲ್ಲ. ನೀನು ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ, ಅದಕ್ಕೆ.

ಶ್ರಾವಣದ ಜ್ವರದಲ್ಲಿ ಮಧುಕೇಶ್ವರ ಲಿಂಗೈಕ್ಯನಾದಾಗ ನೀನು ಬಂದು, ಇದ್ದು, ಎಲ್ಲ ನೋಡಿ ಹೋದವಳು. ಆಮೇಲಿನದು ನಿನಗೆ ಮಂದಿಯ ಬಾಯಿಂದ ಮುಟ್ಟಿದೆ, ನಡೆದ ಹಾಗೆ ನಾನೇ ಹೇಳುತ್ತೇನೆ. ಸಂಕ್ರಾಂತಿಯಾದ ಮೇಲೆ ಗುರುಶಾಂತವ್ವನ ಅಣ್ಣ ಶಿವಪುತ್ರಪ್ಪ ಬಂದಿದ್ದ. ಬಹಳ ಹೊತ್ತು ಮಳೆ ಬೆಳೆ ಮಾತಾಡಿದ. ಎಲೆ ಅಡಿಕೆ ಹಾಕಿಕೊಂಡ ಮೇಲೆ, "ತಂಗಿಗೆ ಇನ್ನೂ ಇಪ್ಪತ್ತಮೂರು. ಮಳಗಿ ಕಡೆ ಒಬ್ಬ ಒಳ್ಳೆ ರೈತ ಅದಾನ, ಹೆಂಡತಿ ತೀರಿಕೊಂಡಾಳ. ಉಡಿಕಿ ಮಾಡಿಕೊಡೂಣು ಅಂತೀನಿ. ನೀವು ಬ್ಯಾಡ ಅಂದ್ರ ಇಲ್ಲಿಗೇ ಬಿಡ್ತೀನ್ರಿ" ಅಂದ. ನಾನು ಆಗಲಿ ಅಂದೆ. ನಮ್ಮ ಮಂದಿಯಲ್ಲಿ ಗಂಡ ಸತ್ತವಳಿಗೆ ಇನ್ನೊಂದು ಮನೆ ಮಾಡಿಕೊಡುವುದು ಹಿಂದಿನಿಂದ ಬಂದದ್ದು, ನಾನು ಹೊಸದಾಗಿ ತಂದದ್ದಲ್ಲ. ಯುಗಾದಿ ಕಳೆದ ಮೇಲೆ ಎಂದು ಮಾತಾಗಿದೆ.

"ನಾಳೆ ನಿನಗೆ ಅಂಬಲಿ ಕಾಸುವವರು ಯಾರು?" ಎಂದು ನೀನು ಕೇಳಿದ್ದೀ. ನಾನೇ ಕಾಸಿಕೊಳ್ಳುತ್ತೇನೆ ಮಗಳೇ. ನಿನ್ನವ್ವ ಇದ್ದಾಗಲೂ ಸಾರಿನ ಉಪ್ಪು ನೋಡಿದವ ನಾನೇ. ಅವಳಿಗೆ ಉಪ್ಪಿನ ಅಂದಾಜು ಕಡೆಯತನಕ ಹತ್ತಲಿಲ್ಲ. ನನ್ನ ಅಂಬಲಿಗಾಗಿ ಒಂದು ಎಳೆಯ ಜೀವವನ್ನು ಒಲೆಯ ಮುಂದೆ ಕಟ್ಟಿಹಾಕಲೇ? ನೀನು ಹಾಗೆ ಬರೆದದ್ದು ನನ್ನ ಮೇಲಿನ ಅಕ್ಕರೆಗೆ. ಅದು ನನಗೆ ಗೊತ್ತಿದೆ.

ಈಗ ನಾನು ಕೇಳುವುದು ಬೇರೆ. ಅವಳ ಬಲಹೆಗಲು ಮತ್ತೆ ಹಿಡಿದಿದೆ. ಮೊದಲಿನದಕ್ಕಿಂತ ಹೆಚ್ಚು. ನೀವುವ ಕೈ ಹೋಯಿತಲ್ಲ. ತಲೆ ಬಾಚಿಕೊಳ್ಳಬೇಕೆಂದರೆ ಕೈ ಮೇಲೆ ಹೋಗುವುದಿಲ್ಲ, ತಲೆಯನ್ನೇ ಮೊಣಕಾಲಿನ ಮೇಲೆ ಇಡುತ್ತಾಳೆ. ಕೊಡ ಎಡಗಡೆ, ಕಸಬರಿಗೆ ಎಡಗೈ. ಮೊನ್ನೆ ಮಳಗಿಯವರು ನೋಡಲು ಬಂದರು. ಹುಡುಗನ ತಾಯಿಗೆ ಇವಳು ನೀರಿನ ತಂಬಿಗೆಯನ್ನು ಎಡಗೈಯಲ್ಲಿ ಕೊಟ್ಟಳು. ಬೇಕೆಂದು ಕೊಟ್ಟದ್ದಲ್ಲ, ಬಲಗೈ ಅಷ್ಟು ಮುಂದೆ ಚಾಚಲಿಲ್ಲ. ಆ ಮುದುಕಿ ತಂಬಿಗೆ ಮುಟ್ಟದೆ, "ನಿಮ್ಮ ಕಡೆ ಬೀಗರಿಗೆ ಹಿಂಗ ನೀರು ಕೊಡೂದೇನ್ರಿ?" ಅಂದಳು. ನಾನು ನಕ್ಕು ಏನೋ ಹೇಳಿ ಮಾತು ಮರೆಸಿದೆ. ಸೊಸೆ ಬಾಗಿಲ ಹಿಂದೆ ಹೋಗಿ ನಿಂತವಳು ಅವರು ಗಾಡಿ ಹತ್ತುವ ತನಕ ಹೊರಗೆ ಬರಲಿಲ್ಲ.

ಈ ಕೈ ಇಟ್ಟುಕೊಂಡು ಅವಳು ಆ ಮನೆಗೆ ಹೋದರೆ ದಿನವೂ ಒಂದು ಮಾತು ಕೇಳಬೇಕು. ಅದಕ್ಕೆ ನೀನು ಬರಬೇಕು. ಮುರಿಗೆವ್ವನಿಗೆ ಕಲಿಸಲು ಹೋದರೆ ಮತ್ತೆ ಎತ್ತಿನ ಮಾತು ತೆಗೆಯುತ್ತಾಳೆ. ನೀನು ನನ್ನ ಮಗಳು, ನಿನ್ನ ಹೆಗಲು ನಾನು ಮುಟ್ಟಬಹುದು. ನಿನ್ನ ತಮ್ಮನಿಗೆ ಮಾಡಿದ ಹಾಗೇ ನಿನಗೆ ಮಾಡಿ ತೋರಿಸುತ್ತೇನೆ, ನೀನು ಒಳಗೆ ಹೋಗಿ ಅವಳಿಗೆ ಮಾಡು. ಅವಸರ ಬೇಡ. ಎಣ್ಣೆ ಬೆರಳಿಗೆ ಸವರಿದಷ್ಟೇ ಸಾಕು. ಅಂಗೈಯನ್ನು ಹೆಗಲ ಹಿಂದಿನ ರೆಕ್ಕೆ ಎಲುಬಿನ ಅಂಚಿಗೆ ಇಟ್ಟು, ತೊಗಲು ಎಲ್ಲಿ ಸರಿಯಲಾರೆ ಅನ್ನುತ್ತದೋ ಅಲ್ಲಿ ನಿಲ್ಲಬೇಕು. ಒತ್ತಿ ಗೆಲ್ಲುವ ಕೆಲಸವಲ್ಲ ಇದು. ಅವಳು ಉಸಿರು ಬಿಟ್ಟಾಗ ಒಳಗೆ ಬೆಣ್ಣೆ ಬಿಸಿಗೆ ಕರಗಿದಂತೆ ಒಂದಿಷ್ಟು ಜಾಗ ಬಿಡುತ್ತದೆ. ಆಗ ಅಷ್ಟೇ ಮುಂದೆ ಹೋಗು. ಕೆಲವೊಮ್ಮೆ ಹೆಗಲು ಬಿಡುವಾಗ ಅಳು ಬರುತ್ತದೆ. ದೊಡ್ಡ ಗಡ್ಡದ ಹಮಾಲರು ನನ್ನ ಕೈ ಕೆಳಗೆ ಅತ್ತಿದ್ದಾರೆ. ಸುಮ್ಮನಿರು ಎನ್ನಬೇಡ, ಕೈ ತೆಗೆಯಲೂ ಬೇಡ.

ಅಳಿಯಂದಿರಿಗೆ ನಾನು ಕೇಳಿಕೊಂಡೆ ಎಂದು ಹೇಳು. ಹೋಳಿಯೊಳಗೆ ಬಂದರೆ ಯುಗಾದಿಯ ತನಕ ಇರಬಹುದು. ಮಕ್ಕಳನ್ನೂ ಕರೆದುಕೊಂಡು ಬಾ.

ನಿನ್ನ ಮನೆ ತಣ್ಣಗಿರಲಿ. ನಿನ್ನ ಮಕ್ಕಳು ನಿನ್ನ ಕಣ್ಣ ಮುಂದೆ ದೊಡ್ಡವರಾಗಲಿ.

ನಿನ್ನ ಅಪ್ಪ
ಮಡಿವಾಳಪ್ಪ

ತಾ. ಕ.: ಮೇಲೆ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಕೂಸಿನ ಮಾತು ನೀನೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ತಾಯಿ ಉಡಿಕೆಯಾಗಿ ಹೋದರೆ ಕೂಸು ಹುಟ್ಟಿದ ಮನೆಯಲ್ಲೇ ಉಳಿಯಬೇಕು, ಅದು ನಮ್ಮ ರೂಢಿ. ಶಿವಪುತ್ರಪ್ಪನೂ ಹಾಗೇ ತಿಳಿದು ಮಾತು ಮುಗಿಸಿದ. ನನಗೂ ಒಳಗೊಳಗೇ ಅದೇ ಬೇಕಾಗಿತ್ತು. ನಿನ್ನ ತಮ್ಮನದು ಅಂತ ಈ ಮನೆಯಲ್ಲಿ ಮತ್ತೇನಿದೆ?

ನಿನ್ನೆ ಸೊಸೆಗೆ, "ಅಕ್ಕನ್ನ ಕರಸ್ತೇನವ್ವಾ, ನಿನ್ನ ಹೆಗಲಿಗೆ ಅರಾಮ ಮಾಡ್ತಾಳ" ಅಂದೆ. ಬಾಗಿಲ ಹಿಂದಿನಿಂದಲೇ ಅಂದಳು: "ಬ್ಯಾಡ್ರಿ ಮಾವಾರ. ಕೈ ನೆಟ್ಟಗಾದ್ರ ಕೂಸನ್ನ ಎತ್ತಿಕೊಳ್ಳಬೇಕಾಗ್ತೇತಿ. ಎತ್ತಿಕೊಂಡ ಮ್ಯಾಲೆ ಕೆಳಗ ಇಳಸಾಕ ನನ್ನ ಕೈಲೆ ಆಗೂದಿಲ್ಲ. ಇದು ಹಿಂಗ ಇರ್ಲಿ."

ಆಗ ನೆನಪಾಯಿತು. ಈಗೀಗ ಶಾರದವ್ವ ಎತ್ತಿಕೋ ಎಂದು ನನ್ನ ಹತ್ತಿರವೇ ಬರುತ್ತದೆ. ನನ್ನ ಮೇಲಿನ ಅಕ್ಕರೆ ಎಂದುಕೊಂಡು ನಾನು ಹಿಗ್ಗುತ್ತಿದ್ದೆ.

ಈ ದಿನ ಬೆಳಿಗ್ಗೆ ಶಿವಪುತ್ರಪ್ಪನಿಗೆ ಹೇಳಿಕಳಿಸಿದ್ದೇನೆ, ಕೂಸೂ ತಾಯಿಯ ಜೊತೆ ಹೋಗುತ್ತದೆ, ಮಳಗಿಯವರು ಒಪ್ಪಿದರಷ್ಟೇ ಉಡಿಕೆ ಎಂದು. ಒಪ್ಪುತ್ತಾರೆ, ಆ ರೈತ ಒಳ್ಳೆಯವ. ಊರ ಹಿರಿಯರು ಅನ್ನುವುದನ್ನು ಅನ್ನಲಿ. ಗುರುಶಾಂತವ್ವನಿಗೆ ಇನ್ನೂ ಹೇಳಿಲ್ಲ. ಮಳಗಿಯಿಂದ ಮಾತು ಬರುವುದರೊಳಗೆ ನೀನು ಬಂದಿರು. ನೀನೇ ಹೇಳು, ನನ್ನ ಬಾಯಿಂದ ಅದು ನೆಟ್ಟಗೆ ಹೊರಡುವುದಿಲ್ಲ. ಹೇಳುವಾಗ ನಿನ್ನ ಅಂಗೈ ಅವಳ ಹೆಗಲ ಮೇಲಿರಲಿ. ಒಳಗಿನದು ಆಗ ಬಿಡುತ್ತದೆ, ನಿನಗೇ ತಿಳಿಯುತ್ತದೆ. ಬಿಟ್ಟ ಮೇಲೆ ಕೂಸನ್ನು ಕರೆದು ಅವಳ ಬಲಗಡೆಗೆ ಕೊಡು.

ನಾನು ಆ ಹೊತ್ತಿಗೆ ವರದಾ ಹೊಳೆಯ ಕಡೆ ಹೋಗಿರುತ್ತೇನೆ. ಊಟಕ್ಕೆ ಕರೆಯಲು ಯಾರನ್ನೂ ಕಳಿಸಬೇಡ, ಹೊತ್ತು ಮುಳುಗಿದ ಮೇಲೆ ನಾನೇ ಬರುತ್ತೇನೆ.