ತಿರುಗಿ ಬೈಯದವಳು

ಮಾರ್ಚ್ ೧೯, ಗುರುವಾರ

ಯಾರೇ ಅದು, ಮುದುಕಿಯ ಪುಸ್ತಕಕ್ಕೆ ಮೂಗು ತೂರಿಸುವವಳು? ನಾಚಿಕೆ ಇಲ್ಲವೇ? ಹೀಗೆ ಬರೆದಿಟ್ಟರೆ ಮೊದಲೆಲ್ಲ ಮೊಮ್ಮಗಳು ಕದ್ದು ಓದಿ, ಕೆಳಗೆ ನನಗೇ ನಾಲ್ಕು ಬೈಗುಳ ಗೀಚಿಡುತ್ತಿದ್ದಳು. ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಮಾತೂ ಇಲ್ಲ, ಗೀಚುವುದೂ ಇಲ್ಲ.

ಅವಳ ಸೊಂಟದ ಮೂಳೆಯಿಂದ ಸ್ಟೆಮ್ ಸೆಲ್ ಅನ್ನುವ ಜೀವಕೋಶ ತೆಗೆದು, ಮಿದುಳು ಚೇತರಿಸಿಕೊಳ್ಳಲೆಂದು ಅವಳಿಗೇ ಚುಚ್ಚಿ ಚಳಿಗಾಲವೇ ಕಳೆಯಿತು. ಇವತ್ತು ಡಾಕ್ಟರನ್ನು ಆಸ್ಪತ್ರೆಯ ಬಾಗಿಲಲ್ಲೇ ಹಿಡಿದೆ.

"ಅವು ಒಳಗೆ ಹೋಗಿ ಏನ್ಮಾಡ್ತಿವೆ, ನಿದ್ದೆನಾ?"

"ಇದಿನ್ನೂ ಪ್ರಯೋಗ, ಅಜ್ಜಿ. ಕೆಲವರಿಗೆ ಸ್ವಲ್ಪ ಅನುಕೂಲ ಆಗಿದೆ. ಇವಳಿಗೆ ಆಗತ್ತೋ ಇಲ್ವೋ, ನಮಗೂ ಗೊತ್ತಿಲ್ಲ."

"ಸಾಲದಿದ್ರೆ ನನ್ನ ಮೂಳೆ ಕೊರೀರಿ. ಗಟ್ಟಿಯಾಗೇ ಇದೆ."

ಪುಣ್ಯಾತ್ಮ ನಗಲಿಲ್ಲ. ನನಗೆ ಹೆದರಿಕೆಯಾದದ್ದು ಆಗಲೇ.

ಮನೆಗೆ ಬಂದು ಅವಳ ತಲೆ ಬಾಚುತ್ತಾ ಸೋಮಾರಿ, ಎಮ್ಮೆ ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಕನ್ನಡಿಯೊಳಗೆ ನನ್ನನ್ನೇ ನೋಡುತ್ತಿದ್ದಳು, ಯಾರೋ ಅಪರಿಚಿತಳನ್ನು ನೋಡುವಂತೆ. ಬಾಚಣಿಗೆ ಕೆಳಗಿಟ್ಟೆ. ಈ ಬಾಯಿ ಬಿಟ್ಟರೆ ನನ್ನ ಹತ್ತಿರ ಬೇರೆ ಯಾವ ಔಷಧಿಯಿದೆ?

ಈ ಪುಸ್ತಕವನ್ನು ಅವಳ ದಿಂಬಿನ ಪಕ್ಕವೇ ಇಡುತ್ತೇನೆ, ಪೆನ್ಸಿಲ್ ಸಮೇತ. ಲೇ ಬಾಯಿಬಡುಕಿ, ಮುಂದಿನ ತಿಂಗಳು ಹುಟ್ಟುವುದರೊಳಗೆ ಇದಕ್ಕೆ ಉತ್ತರ ಬರಿ. ಒಂದು ಗೀಟು ಎಳೆದರೂ ಸಾಕು, ಅದು ಬೈಗುಳವೆಂದೇ ನಾನು ಓದಿಕೊಳ್ಳುತ್ತೇನೆ.